ಉಣುಗು ಕಚ್ಚಿದ ಜ್ವರ ಮತ್ತು ಎರಡು ಸಲದ ರಕ್ತ ಪರೀಕ್ಷೆ



ಕಾಫಿ ಕೊಯ್ಲು ಶುರುವಾಗಿ ಡಿಸೆಂಬರ್ ತಿಂಗಳು ಬಂತೆಂದರೆ ವಾರ್ಡಿನಲ್ಲಿ ಒಂದು ಪ್ರಶ್ನೆಯನ್ನು ನಾವು ಪದೇ ಪದೇ ಕೇಳಬೇಕಾಗುತ್ತದೆ. "ಸಿಸ್ಟರ್, ಮೊನ್ನೆ ತಾನೇ ರಕ್ತ ತೆಗೆದಿರಲ್ಲ, ಮತ್ತೆ ಯಾಕೆ?" ಕೇಳುವವರಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚು. ಕೆಲವರು ಕೇಳುವುದೇ ಇಲ್ಲ. ಮೊದಲ ವರದಿಯಲ್ಲಿ "ಇಲ್ಲ" ಎಂದು ಬಂದ ಕೂಡಲೇ ರೋಗಿಯನ್ನು ಎಬ್ಬಿಸಿಕೊಂಡು ಜೀಪು ಹತ್ತಿಸಿಬಿಡುತ್ತಾರೆ. ಹಾಗೆ ಮನೆಗೆ ಹೋದ ಒಬ್ಬ ಹಿರಿಯರನ್ನು ಮೂರು ದಿನಗಳ ನಂತರ ವಸಡಿನಲ್ಲಿ ರಕ್ತ ಒಸರುತ್ತಿರುವಾಗ ಮತ್ತೆ ಕರೆತಂದರು. ಅವರು ಬದುಕಿದರು. ಆದರೆ ಆ ಮೂರು ದಿನ ವ್ಯರ್ಥವಾಗಬೇಕಾಗಿರಲಿಲ್ಲ. ಈ ಲೇಖನ ಬರೆಯಲು ಆ ಘಟನೆಯೇ ಕಾರಣ.

ಮಂಗನ ಕಾಯಿಲೆಯ ಹೆಸರನ್ನು ಕೇಳದವರು ಮಲೆನಾಡಿನಲ್ಲಿ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರವೇ ಇಲ್ಲಿಗೂ ಬಂದಿರಬಹುದೆಂಬ ಆತಂಕ ಅವರಿಗಿತ್ತು. ಪರೀಕ್ಷಿಸಿದಾಗ ಸಿಕ್ಕಿದ್ದು ಅದುವರೆಗೆ ಜಗತ್ತಿಗೇ ಗೊತ್ತಿಲ್ಲದ ಒಂದು ವೈರಾಣು. ರಷ್ಯಾ ಕಡೆಯ ಮೆದುಳು ಜ್ವರದ ವೈರಾಣುವಿಗೆ ಅದು ಹತ್ತಿರದ ಸಂಬಂಧಿ. ಹೀಗಾಗಿ ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದವೇ ಎಂಬ ಸಂಶಯವೂ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ಕೈಗೊಂಡದ್ದರ ಹಿಂದೆ ಈ ಸಂಶಯವೂ ಇತ್ತು. ನಮ್ಮ ಕಾಡಿನ ಜ್ವರವೊಂದು ಹಕ್ಕಿ ನೋಡುವವರನ್ನೂ ಕೆಲಸಕ್ಕೆ ಹಚ್ಚಿತ್ತು ಎಂಬುದು ನನಗೆ ಈಗಲೂ ಸೋಜಿಗ.

ಕೊನೆಗೆ ಸಿಕ್ಕಿಬಿದ್ದದ್ದು ಉಣುಗು. ಕೆಲವು ಊರುಗಳಲ್ಲಿ ಉಣ್ಣೆ ಎನ್ನುವುದೂ ಇದನ್ನೇ. ಮಂಗ ಅಪರಾಧಿಯಲ್ಲ, ಅದೂ ನಮ್ಮಂತೆಯೇ ರೋಗಿ. ಕೆಂಪು ಮೂತಿಯ ಮಂಗವಾಗಲಿ, ಕಪ್ಪು ಮೂತಿಯ ಮುಸುವವಾಗಲಿ, ಸೋಂಕು ತಗುಲಿದರೆ ಹೆಚ್ಚಾಗಿ ಸಾಯುತ್ತವೆ. ಮಂಗ ಸತ್ತ ಕೂಡಲೇ ಅದರ ಮೈಮೇಲಿದ್ದ ಉಣುಗುಗಳು ಕೆಳಗಿನ ತರಗೆಲೆಗೆ ಇಳಿಯುತ್ತವೆ. ಆದ್ದರಿಂದ ಸತ್ತ ಮಂಗ ಕಂಡಲ್ಲಿ ಹತ್ತಿರ ಹೋಗಬೇಡಿ, ಕೋಲಿನಿಂದಲೂ ಮುಟ್ಟಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. 2012ರಲ್ಲಿ ಬಂಡೀಪುರದ ಕಡೆ ಸತ್ತ ಮಂಗಗಳನ್ನು ಎತ್ತಿ ಸುಟ್ಟ ಅರಣ್ಯ ಸಿಬ್ಬಂದಿಗೇ ಈ ಕಾಯಿಲೆ ತಗುಲಿತ್ತು.

ಉಣುಗಿಗೆ ಮೂರು ವಯಸ್ಸು. ಮೊಟ್ಟೆಯೊಡೆದ ಮರಿ ಇಲಿ, ಹೆಗ್ಗಣಗಳಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದು ಬೆಳೆಯುತ್ತದೆ. ದೊಡ್ಡದಾದ ಮೇಲೆ ದನ, ಜಿಂಕೆಗಳನ್ನು ಹಿಡಿಯುತ್ತದೆ. ನಡುವಿನ ವಯಸ್ಸಿನದು ಎಳ್ಳುಕಾಳಿಗಿಂತಲೂ ಚಿಕ್ಕದು. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಅದೇ, ಮತ್ತು ಅದರ ಕಾಲ ಸರಿಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಫಿ ಕೊಯ್ಲು, ಮೆಣಸಿನ ಕೊಯ್ಲು, ಸೌದೆ, ಕೊಟ್ಟಿಗೆಗೆ ತರಗು ತರುವ ಕೆಲಸ ಎಲ್ಲವೂ ಬರುವುದು ಈ ತಿಂಗಳುಗಳಲ್ಲೇ ಎಂಬುದನ್ನು ಗಮನಿಸಿ. 1960ರ ದಶಕದಲ್ಲಿ ಸಾಗರದಲ್ಲಿ ನೆಲೆನಿಂತು ಈ ರೋಗವನ್ನು ಅಭ್ಯಸಿಸಿದ ಕೊಲಂಬಿಯಾದ ವಿಜ್ಞಾನಿ ಹೋರ್ಗೆ ಬೊಷೆಲ್, ಕಾಡು ಕಡಿದು ದನ ಮೇಯಿಸುವುದು ಹೆಚ್ಚಿದಂತೆ ಉಣುಗೂ ಹೆಚ್ಚಿತು ಎಂದು ವಿವರಿಸಿದರು. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗಗಳಲ್ಲಿ 2024ರಲ್ಲೂ ರೋಗಿಗಳು ಕಂಡುಬಂದರು. ವಸ್ತಾರೆ, ಮೂಡಿಗೆರೆ, ಕಳಸದ ಕಡೆಯವರು ದೂರದ ಮಾತೆಂದು ಕೂರುವಂತಿಲ್ಲ. ಕೆಲಸ ಸಿಕ್ಕಲ್ಲಿಗೆ ಎಲ್ಲರೂ ಹೋಗಿ ಬರುವವರೇ ತಾನೆ.

ಈಗ ರಕ್ತದ ವಿಷಯಕ್ಕೆ ಬರೋಣ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿ, ಜ್ವರ, ತಲೆ ಸಿಡಿತ, ಸೊಂಟ ಮತ್ತು ಕಾಲುಗಳ ಮಾಂಸಖಂಡಗಳಲ್ಲಿ ತಡೆಯಲಾರದ ನೋವು ಶುರುವಾಗುತ್ತದೆ. ಮೊದಲ ಕೆಲವು ದಿನ ವೈರಾಣು ರಕ್ತದಲ್ಲೇ ಓಡಾಡುತ್ತಿರುತ್ತದೆ. ಆಗ ಮಾಡುವುದು ಪಿಸಿಆರ್ ಪರೀಕ್ಷೆ. ಇದು ವೈರಾಣುವನ್ನೇ ನೇರವಾಗಿ ಹುಡುಕುತ್ತದೆ. ದಿನ ಕಳೆದಂತೆ ವೈರಾಣು ರಕ್ತದಲ್ಲಿ ಕಡಿಮೆಯಾಗುತ್ತದೆ, ಅದರೆದುರು ದೇಹ ತಯಾರಿಸಿದ ಪ್ರತಿಕಾಯಗಳು ಹೆಚ್ಚುತ್ತವೆ. ಎಲೈಸಾ ಪರೀಕ್ಷೆ ಹುಡುಕುವುದು ಈ ಪ್ರತಿಕಾಯಗಳನ್ನು. ಕಳ್ಳ ಮನೆಯೊಳಗಿರುವಾಗ ಕಳ್ಳನನ್ನೇ ಹಿಡಿಯಬಹುದು, ಹೋದ ಮೇಲೆ ಹೆಜ್ಜೆ ಗುರುತು ನೋಡಬೇಕು. ಕಾಲ ತಪ್ಪಿ ಮಾಡಿದ ಪರೀಕ್ಷೆ ರೋಗವಿದ್ದರೂ "ಇಲ್ಲ" ಎನ್ನಬಹುದು. ಹಾಗಾಗಿ ವೈದ್ಯರು ಎರಡನೆಯ ಸಲ ರಕ್ತ ಕೇಳಿದರೆ ಮೊದಲನೆಯದರಲ್ಲಿ ತಪ್ಪಾಯಿತೆಂದು ತಿಳಿಯಬೇಡಿ. ಜ್ವರ ಯಾವ ದಿನ, ಯಾವ ಹೊತ್ತಿನಲ್ಲಿ ಶುರುವಾಯಿತು ಎಂಬುದನ್ನು ಮಾತ್ರ ಸರಿಯಾಗಿ ಹೇಳಿ. "ನಾಕೈದು ದಿನ ಆಗಿರಬಹುದು" ಎಂದರೆ ಯಾವ ಪರೀಕ್ಷೆ ಮಾಡಬೇಕೆಂಬ ತೀರ್ಮಾನವೇ ಕಷ್ಟವಾಗುತ್ತದೆ. ಈ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲ. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಂಥ ಕೆಲವೇ ಕಡೆಗಳಲ್ಲಿ ಆಗುತ್ತದೆ. ಮಾದರಿಯನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು, ವರದಿ ಬರಲು ಸಮಯ ಹಿಡಿಯುತ್ತದೆ.

ಈ ವೈರಾಣುವಿನ ಜೊತೆ ಕೆಲಸ ಮಾಡುವುದು ವಿಜ್ಞಾನಿಗಳಿಗೂ ಅಪಾಯಕಾರಿ. ಹಿಂದೆ ಪ್ರಯೋಗಾಲಯದೊಳಗೇ ಸಿಬ್ಬಂದಿಗೆ ಸೋಂಕು ತಗುಲಿದ್ದರಿಂದ ಸಂಶೋಧನೆ ಬಹಳ ಕಾಲ ಹಿಂದೆ ಬಿತ್ತು. 2012ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಅತ್ಯುನ್ನತ ಭದ್ರತೆಯ ಪ್ರಯೋಗಾಲಯ ಉದ್ಘಾಟನೆಯಾದ ಮೇಲೆ ಕೆಲಸ ಮತ್ತೆ ಚುರುಕಾಯಿತು.

ವೈರಾಣುವನ್ನೇ ಕೊಲ್ಲುವ ಔಷಧಿ ಇದಕ್ಕೆ ಇನ್ನೂ ಇಲ್ಲ. "ಹಾಗಾದರೆ ಅಡ್ಮಿಟ್ ಯಾಕೆ?" ಎಂದು ಕೇಳುವವರಿದ್ದಾರೆ. ಔಷಧಿ ಇಲ್ಲದ ಕಾರಣದಿಂದಲೇ. ನೀರಿನಂಶ ಕಡಿಮೆಯಾಗದಂತೆ ಡ್ರಿಪ್ ಕೊಡುವುದು, ರಕ್ತದೊತ್ತಡ ಬೀಳದಂತೆ ನೋಡುವುದು, ಪ್ಲೇಟ್‌ಲೆಟ್ ಎಣಿಸುವುದು, ಮೂಗು, ವಸಡು, ಮಲದಲ್ಲಿ ರಕ್ತ ಕಂಡ ತಕ್ಷಣ ಕ್ರಮ ಕೈಗೊಳ್ಳುವುದು ಇವೇ ಜೀವ ಉಳಿಸುವ ಚಿಕಿತ್ಸೆ. ಸೋಂಕಿತರಲ್ಲಿ ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ಉಳಿದವರೆಲ್ಲ ಬದುಕುತ್ತಾರೆ, ಆದರೆ ಸುಸ್ತು ವಾರಗಟ್ಟಲೆ ಇರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ಆಸ್ಪಿರಿನ್, ಬ್ರೂಫೆನ್ ತರಹದವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದಷ್ಟೇ. ಇನ್ನೊಂದು ಮಾತನ್ನು ಬಂಧುಗಳು ಮರೆಯಬಾರದು. ನೂರರಲ್ಲಿ ಹತ್ತರಿಂದ ಇಪ್ಪತ್ತು ರೋಗಿಗಳಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಮರುಕಳಿಸುತ್ತದೆ. ಆಗ ವಿಪರೀತ ತಲೆನೋವು, ಕೈ ನಡುಕ, ಕಣ್ಣು ಮಂಜು, ಮಾತಿನಲ್ಲಿ ಗೊಂದಲ ಕಾಣಬಹುದು. ಕಂಡ ದಿನವೇ ಕರೆತನ್ನಿ.

ಲಸಿಕೆಯ ಬಗ್ಗೆಯೂ ಬಹಳ ಜನ ವಿಚಾರಿಸುತ್ತಾರೆ. 1990ರಿಂದ ಕೊಡುತ್ತಿದ್ದ ಲಸಿಕೆಯ ಚುಚ್ಚುಮದ್ದು ಬಹಳ ನೋವು ಕೊಡುತ್ತಿತ್ತು, ಒಂದು ಡೋಸ್ ತೆಗೆದುಕೊಂಡವರು ಮತ್ತೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಡೋಸಿನಿಂದ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಸುಮಾರು ಶೇ. 83ರಷ್ಟು ರಕ್ಷಣೆ ಸಿಕ್ಕಿದ್ದು ಕಂಡುಬಂತು. ಅದರ ಗುಣಮಟ್ಟದ ಪ್ರಶ್ನೆ ಎದ್ದು 2022ರ ಹೊತ್ತಿಗೆ ಅದು ನಿಂತುಹೋಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆ ಸೇರಿ ಕೆಲಸ ಮಾಡುತ್ತಿವೆ. ಹಳೆಯ ಕಾರ್ಡನ್ನು ನಂಬಿಕೊಂಡು ಧೈರ್ಯವಾಗಿರುವುದು ಬೇಡ.

ಸದ್ಯಕ್ಕೆ ಕೈಯಲ್ಲಿರುವುದು ಎಣ್ಣೆ. ಮೊದಲು ಡಿಎಂಪಿ ಎಣ್ಣೆ ಹಂಚುತ್ತಿದ್ದರು. ಈಗ ಕೊಡುವ ಡೆಪಾ ಎಣ್ಣೆಯನ್ನು ರೂಪಿಸಿದ್ದು ಗ್ವಾಲಿಯರಿನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ರಸಾಯನ ವಿಜ್ಞಾನಿಗಳು. ಗಡಿಯಲ್ಲಿ ಸೊಳ್ಳೆ, ಜಿಗಣೆಗಳ ನಡುವೆ ಇರುವ ಸೈನಿಕರ ಕಷ್ಟ ಅವರ ಕಣ್ಣೆದುರಿತ್ತು. ಈ ಎಣ್ಣೆ ವಿಷವಿಟ್ಟಂತೆ ಉಣುಗನ್ನು ಕೊಲ್ಲುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಉಣುಗಿಗೆ ನಮ್ಮ ಸುಳಿವು ಸಿಗುವುದು ಮುಂಗಾಲಿನಲ್ಲಿರುವ ಒಂದು ಅಂಗದಿಂದ. ಅದು ನಮ್ಮ ಉಸಿರು, ಬೆವರಿನ ವಾಸನೆ ಹಿಡಿಯುತ್ತದೆ. ಎಣ್ಣೆ ಅದನ್ನು ಹತ್ತಿರ ಬಾರದಂತೆ ದೂರವಿಡುತ್ತದೆ ಅಷ್ಟೆ. ಬೆವರಿಗೆ ತೊಳೆದುಹೋದರೆ ಕೆಲಸವೂ ಮುಗಿಯಿತು, ಮತ್ತೆ ಹಚ್ಚಬೇಕು. ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ತುಟಿ, ಗಾಯಕ್ಕೆ ತಾಗಿಸಬೇಡಿ. ಮನೆಗೆ ಬಂದ ಮೇಲೆ ಬಿಸಿ ನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿ ನೀರಿಗೆ ಹಾಕಿ. ಕಚ್ಚಿ ಹಿಡಿದ ಉಣುಗು ಕಂಡರೆ ಸೀಮೆಎಣ್ಣೆ, ಸುಣ್ಣ, ಬೀಡಿಯ ಕಿಡಿ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹಿಚುಕಬೇಡಿ.

ಇನ್ನು ಮೊಬೈಲಿನ ವಿಷಯ. ಆಸ್ಪತ್ರೆಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಮಗನೇ ತಂದೆಯ ವರದಿಯ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಮಾರನೆಯ ದಿನದಿಂದ ಆ ಮನೆಯವರನ್ನು ಯಾರೂ ಕೊಯ್ಲಿಗೆ ಕರೆಯಲಿಲ್ಲ, ಹಾಲನ್ನೂ ಕೊಳ್ಳಲಿಲ್ಲ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದು ಕಂಡುಬಂದಿಲ್ಲ, ಹಾಲಿನಿಂದ ಹರಡುವುದಕ್ಕೂ ಆಧಾರವಿಲ್ಲ. ಆದರೂ ಎರಡು ತಿಂಗಳ ಕೂಲಿ ಹೋಯಿತು. ರೋಗದ ಮಾಹಿತಿ ರೋಗಿಯ ಸ್ವತ್ತು, ಅದನ್ನು ಯಾರಿಗೆ ತೋರಿಸಬೇಕೆಂದು ಹೇಳಬೇಕಾದವರು ಅವರೇ.

2021ರಿಂದ ದೇಶದಾದ್ಯಂತ 14 ಅಂಕಿಗಳ ಆಭಾ ಸಂಖ್ಯೆ ಬಂದಿದೆ. ನೀವು ಒಪ್ಪಿಗೆ ಕೊಟ್ಟರೆ ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆಯವರು ನೋಡಬಹುದು. ಇಲ್ಲಿಂದ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಕಳುಹಿಸಿದಾಗ ಉಪಯೋಗಕ್ಕೆ ಬರುವಂಥದ್ದೇ. ಕೌಂಟರಿನಲ್ಲಿ ನಿಮ್ಮೆದುರೇ ನೋಂದಣಿ ಮಾಡುವಾಗ ಒಟಿಪಿ ಕೇಳುವುದು ಬೇರೆ. ಫೋನಿನಲ್ಲಿ "ಆಸ್ಪತ್ರೆಯಿಂದ ಮಾತಾಡ್ತಿದ್ದೇವೆ, ನಿಮ್ಮ ಕಾರ್ಡ್ ನಿಂತುಹೋಗುತ್ತದೆ, ನಂಬರ್ ಹೇಳಿ" ಎಂದರೆ ಅದು ಮೋಸ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೇ ಕನ್ನ ಹಾಕಿ ಬೀಗ ಜಡಿದಾಗ ಎರಡು ವಾರದಷ್ಟು ಕಾಲ ಚೀಟಿ, ವರದಿಗಳನ್ನು ಕೈಯಲ್ಲೇ ಬರೆಯಬೇಕಾಯಿತು. ಆದ್ದರಿಂದ ಕಾಗದದ ಪ್ರತಿಯನ್ನೂ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಡಿ.

ಇಷ್ಟೆಲ್ಲ ಓದಿ ನೆನಪಿಡುವುದು ಕಷ್ಟವೆಂದು ಗೊತ್ತು. ನಿಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಪತ್ರಿಕೆಗಳಲ್ಲದೆ ಕನ್ನಡದಲ್ಲೇ ಬಂದಿರುವ ಆರೋಗ್ಯದ ಪುಸ್ತಕಗಳೂ ಇರುತ್ತವೆ. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಓದಿಯೇ ಬಾಣಂತನದ ವಿಷಯ ತಿಳಿದುಕೊಂಡ ತಾಯಂದಿರು ನಮ್ಮಲ್ಲಿಗೆ ಬರುತ್ತಾರೆ, ಅವರಿಗೆ ವಿವರಿಸುವುದು ನಮಗೂ ಸುಲಭ. ಅನೇಕ ಕೇಂದ್ರಗಳಲ್ಲಿ ಕಂಪ್ಯೂಟರ್ ಕೂಡ ಇದೆ. ಶಾಲೆಗೆ ಹೋಗುವ ಮಗನೋ ಮಗಳೋ ಅಲ್ಲಿ ನಿಮ್ಮ ವರದಿ ತೆರೆದು ತೋರಿಸಬಹುದು. ಆದರೆ ಅದು ಹತ್ತಾರು ಜನ ಬಳಸುವ ಕಂಪ್ಯೂಟರ್. ಪಾಸ್‌ವರ್ಡ್ ಉಳಿಸಿಡಲೇ ಎಂದು ಅದು ಕೇಳಿದರೆ ಬೇಡ ಎನ್ನಿ, ಇಳಿಸಿಕೊಂಡ ವರದಿಯನ್ನು ಅಳಿಸಿಹಾಕಿ, ಎದ್ದು ಬರುವ ಮೊದಲು ಲಾಗ್ ಔಟ್ ಒತ್ತಿ. ಗೊತ್ತಾಗದಿದ್ದರೆ ಮೇಲ್ವಿಚಾರಕರನ್ನು ಕೇಳಿ.