ಕೆರಿಬಿಯನ್ ದೂರ, ಸೂಳೆಕೆರೆ ಹತ್ತಿರ

ಆಂಟಿಗುವಾ ಎಂದೊಡನೆ ಕ್ರಿಕೆಟ್ ಹುಚ್ಚಿನ ಮನೆಗಳಲ್ಲಿ ನೆನಪಾಗುವುದು ವಿವಿಯನ್ ರಿಚರ್ಡ್ಸ್. ಆ ಪುಟ್ಟ ಕೆರಿಬಿಯನ್ ದ್ವೀಪದವರು ತಮ್ಮಲ್ಲಿ ದಿನಕ್ಕೊಂದರಂತೆ 365 ಕಡಲತೀರಗಳಿವೆ ಎಂದು ಹೇಳಿಕೊಳ್ಳುತ್ತಾರೆ. ಆ ಕಡಲಿನ ಬಿಳಿ ಮರಳಿನಲ್ಲಿ ಒಂದಷ್ಟು ಪಾಲು ಗಿಳಿಮೀನಿನದು. ಹವಳದ ದಿಬ್ಬವನ್ನು ಕೆರೆದು ತಿಂದು, ಅದು ಹಿಕ್ಕೆಯಾಗಿ ಬಿಟ್ಟದ್ದೇ ಮರಳು!

ಟಿ.ವಿ.ಯಲ್ಲಿ ಇದನ್ನೆಲ್ಲ ಕಂಡ ಮಕ್ಕಳು ‘ನಾವೂ ಹೋಗೋಣ’ ಎಂದರೆ ಅಪ್ಪನ ಜೇಬು ಒಪ್ಪೀತೆ? ಚನ್ನಗಿರಿ, ಹೊನ್ನಾಳಿ ಕಡೆಯವರು ಚಿಂತಿಸಬೇಕಿಲ್ಲ. ಕಣ್ಣು ಹಾಯುವಷ್ಟು ದೂರ ನೀರು ಚನ್ನಗಿರಿ ತಾಲ್ಲೂಕಿನಲ್ಲೇ ಇದೆ.

ಆರು ಸಾವಿರ ಎಕರೆಗೂ ಮೀರಿ ಹರಡಿದ ಸೂಳೆಕೆರೆ ದಕ್ಷಿಣ ಭಾರತದ ಅತಿ ದೊಡ್ಡ ಕೆರೆಗಳಲ್ಲೊಂದು. ಸೋಜಿಗವೆಂದರೆ ಇದರ ಏರಿ ಉದ್ದವೇನಿಲ್ಲ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳುವ ಕಂದರವನ್ನೇ ಹುಡುಕಿ ಅಲ್ಲಿ ಅಡ್ಡಗಟ್ಟಿದ್ದಾರೆ; ಉಳಿದ ಕೆಲಸವನ್ನು ಗುಡ್ಡಗಳೇ ಮಾಡಿವೆ. ಏರಿಯ ಮೇಲೆ ನಿಂತು ಮಕ್ಕಳಿಂದ ಒಂದು ನಕ್ಷೆ ಬರೆಸಿ ನೋಡಿ. ಜಾಗ ಆರಿಸಿದವರ ಜಾಣ್ಮೆ ಆಗ ತಿಳಿಯುತ್ತದೆ. ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳಿಂದ ಗದ್ದೆ ತೋಟಗಳಿಗೆ ನೀರು. ಚಿತ್ರದುರ್ಗದ ಕೊಡಗಳೂ ಇದೇ ನೀರಿನಿಂದ ತುಂಬುತ್ತವೆ.

ಹೆಸರು ಕೇಳಿ ಹಿರಿಯರು ಮುಜುಗರಪಡುವುದುಂಟು. ಫಲಕಗಳಲ್ಲಿ ಅದು ‘ಶಾಂತಿಸಾಗರ’. ಐತಿಹ್ಯದ ಪ್ರಕಾರ ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರ ಕೇರಿಯಾಗಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರಂತೆ. ಮನೆ ಮಠ ಬಿಟ್ಟುಕೊಟ್ಟವರು ಕೇಳಿದ್ದು ಅದೊಂದೇ. ಮಕ್ಕಳು ಪ್ರಶ್ನೆ ಕೇಳಿದರೆ ಮಾತು ಮರೆಸದೆ ಈ ಕಥೆ ಹೇಳುವುದೇ ಲೇಸು. ಹೂಳು, ಒತ್ತುವರಿ ಕೆರೆಯನ್ನು ಕಾಡುತ್ತಿವೆ, ಹೆಸರಾದರೂ ಉಳಿಯಲಿ.

ಮಳೆಗಾಲ ಮುಗಿದು ದಸರಾ ರಜೆಯ ಹೊತ್ತಿಗೆ ಹೋದರೆ ಚೆನ್ನ. ರೊಟ್ಟಿ, ಚಟ್ನಿಪುಡಿ, ಮೊಸರನ್ನದ ಬುತ್ತಿ ಇರಲಿ. ನೀರಿಗಿಳಿಯುವುದು ಮಾತ್ರ ಬೇಡ. ಕೆಸರಿನಲ್ಲಿ ಕಾಲು ಹೂತರೆ ಈಜು ಬಲ್ಲವರೂ ಕಂಗಾಲು.

ದ್ವೀಪ ನೋಡಲೇಬೇಕೆಂದು ಹಟ ಹಿಡಿದವರನ್ನು ಸಂತೆಬೆನ್ನೂರಿಗೆ ಕರೆದೊಯ್ಯಿರಿ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ನಟ್ಟನಡುವೆ, ಸುತ್ತಲೂ ನೀರಿರುವ ವಸಂತ ಮಂಟಪವಿದೆ. ದಡದ ಮುಸಾಫಿರ್‌ಖಾನೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ್ದು. ಮೆಟ್ಟಿಲ ಮೇಲೆ ಕುಳಿತರೆ ಸಂಜೆ ಸರಿದದ್ದೇ ತಿಳಿಯುವುದಿಲ್ಲ.

ಮರಳೇ ಬೇಕೆಂದರೆ ಬೇಸಿಗೆಯಲ್ಲಿ ಹೊನ್ನಾಳಿಯ ತುಂಗಭದ್ರೆ. ಮರಳು ತೆಗೆದ ಕಡೆ ಗುಂಡಿಗಳಿರುತ್ತವೆ, ಜೋಕೆ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಬಳಿ ತೀರ್ಥರಾಮೇಶ್ವರ ಬೆಟ್ಟದಲ್ಲಿ ಬೇಸಿಗೆಯಲ್ಲೂ ಬತ್ತದ ಚಿಲುಮೆಯಿದೆ.

‘ನಮ್ಮಲ್ಲಿ ನೀರೆಲ್ಲಿ ಸ್ವಾಮಿ?’ ಎಂದು ಜಗಳೂರಿನವರು ಕೇಳಬಹುದು. ಬರದ ಆ ತಾಲ್ಲೂಕಿನಲ್ಲಿ ಅಪರೂಪದ ಸಂಪತ್ತಿದೆ: ರಂಗಯ್ಯನದುರ್ಗದ ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು. 2011ರಲ್ಲಿ ಈ ಕಾಡು ವನ್ಯಧಾಮವಾಯಿತು. ಬಲು ನಾಚಿಕೆಯ ಪ್ರಾಣಿ; ಆದರೆ ನೀರು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ನಸುಕಿನಲ್ಲೇ ಹೊರಟು, ಸದ್ದಿಲ್ಲದೆ ಕಾಯಬೇಕು. ಟ್ರಾನ್ಸಿಸ್ಟರ್ ಮನೆಯಲ್ಲೇ ಇರಲಿ.