ಬೆಲೆ ಕಟ್ಟುವವರು ಯಾರು?

ಕೂದಲು, ಅಕ್ಕಿ, ಬೀಜ, ಗೊಂಬೆ: ಹೊಸ ದಂಧೆ ಹುಡುಕುವವರಿಗೆ ಕೊಪ್ಪಳ ಸೀಮೆ ಕಲಿಸುವ ಲೆಕ್ಕ

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲಿಗೂ ತೂಕವಿದೆ, ದರವಿದೆ. ಊರೂರು ತಿರುಗುವವರು ಪಾತ್ರೆ, ಬಲೂನು ಕೊಟ್ಟು ಮನೆಮನೆಯಿಂದ ಪಡೆದ ಕೂದಲು ಇಲ್ಲಿಗೆ ಗಂಟು ಗಂಟಾಗಿ ಬಂದು ಬೀಳುತ್ತದೆ. ಹೆಂಗಸರು ಅದರ ಸಿಕ್ಕು ಬಿಡಿಸುತ್ತಾರೆ, ತೊಳೆದು ಒಣಗಿಸುತ್ತಾರೆ, ಉದ್ದದ ಪ್ರಕಾರ ಜೋಡಿಸಿ ಕಟ್ಟು ಕಟ್ಟುತ್ತಾರೆ. ತಿರುಮಲದಂಥ ಕ್ಷೇತ್ರಗಳಲ್ಲಿ ಭಕ್ತರು ಮುಡಿ ಕೊಟ್ಟ ಕೂದಲಿನ ಬುಡ, ತುದಿ ಒಂದೇ ದಿಕ್ಕಿಗಿರುತ್ತವೆ. ಹರಾಜಿನಲ್ಲೇ ಅದಕ್ಕೆ ಒಳ್ಳೆಯ ಬೆಲೆ. ಬಾಚಣಿಗೆಯ ಕೂದಲಿಗೆ ಆ ಭಾಗ್ಯವಿಲ್ಲ. ಅದರ ಬೆಲೆಯೆಲ್ಲ ಬಿಡಿಸಿದ ಬೆರಳುಗಳದ್ದು.

ಜಿಲ್ಲಾ ಕೇಂದ್ರದಲ್ಲಿ ಒಬ್ಬರ ಜೆರಾಕ್ಸ್ ಅಂಗಡಿ ನಡೆದರೆ ಅದೇ ಓಣಿಯಲ್ಲಿ ಮತ್ತೆ ನಾಲ್ಕು ತೆರೆಯುತ್ತವೆ. ಒಬ್ಬರ ಮೊಬೈಲ್ ಅಂಗಡಿಗೆ ಗಿರಾಕಿ ಕಂಡರೆ ಹತ್ತು ಮಂದಿ ಮಳಿಗೆ ಹುಡುಕುತ್ತಾರೆ. ಈ ಭಾಗದಲ್ಲಿ ಗಟ್ಟಿಯಾಗಿ ನಿಂತ ಕಸುಬುಗಳು ಮಾತ್ರ ಬೇರೆ ದಾರಿಯಲ್ಲಿ ಹುಟ್ಟಿದವು. ಬೇರೆಯವರು ಬೇಸರಪಟ್ಟು ಬಿಟ್ಟ ಕೆಲಸದ ಒಂದು ಹಂತವನ್ನು ಇವು ಹಿಡಿದವು. ಆದರೆ ಆ ಹಂತ ಹಿಡಿದವರಿಗೇ ಲಾಭ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ.

ಎಲ್ಲರ ಬೆಳೆ, ಕೆಲವರ ಲಾಭ

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಸೋನಾ ಮಸೂರಿಗೆ ಹೆಸರಿದೆ, ಮಾರುಕಟ್ಟೆ ಇದೆ. ಆದರೆ ಎಲ್ಲರೂ ಒಂದೇ ಬೆಳೆ ಬೆಳೆದು ಒಟ್ಟಿಗೇ ಕೊಯ್ದರೆ ಕಣದಲ್ಲಿ ದರ ಇಳಿಯುತ್ತದೆ. ಒಣಗಿಸಿ ಕಾಯ್ದಿಡುವ ತಾಕತ್ತು ಇದ್ದವರಿಗೆ ಮಾತ್ರ ಮುಂದಿನ ದರ. ರೈತನ ಲೆಕ್ಕ ಭತ್ತದ ಚೀಲಕ್ಕೆ ಮುಗಿದರೆ ಗಿರಣಿಯವರ ಲೆಕ್ಕ ಅಲ್ಲಿಂದಲೇ ಶುರು: ಅಕ್ಕಿ ಬ್ರಾಂಡಿನ ಚೀಲ ಸೇರುತ್ತದೆ, ತೌಡು ಎಣ್ಣೆಗೆ ಹೋಗುತ್ತದೆ, ನುಚ್ಚಿಗೂ ಕೊಳ್ಳುವವರಿದ್ದಾರೆ, ಹೊಟ್ಟು ಬಾಯ್ಲರಿನ ಉರುವಲು.

ಒಂದೇ ಆಧಾರಕ್ಕೆ ಜೋತುಬಿದ್ದ ದಂಧೆಯ ಅಪಾಯವೂ ಇಲ್ಲಿ ಕಂಡಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಗದ್ದೆಯಿಂದ ಗಿರಣಿಯವರೆಗೆ ಎಲ್ಲರ ಕಣ್ಣೂ ಅದರ ಮೇಲಿತ್ತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಇಳಿಸಿ ನೀರು ಉಳಿಸಿದರು.

ಹೂವಿನೊಳಗಿನ ಕೂಲಿ

ಆ ಕಾಲುವೆ ತಲುಪದ ಕುಷ್ಟಗಿ ಕಡೆ ದಾರಿ ಬೇರೆಯಾಯಿತು. ಕೊಳವೆಬಾವಿಯ ಅಷ್ಟಿಷ್ಟು ನೀರಿಗೆ ನೆರಳು ಪರದೆ ಕಟ್ಟಿ ಟೊಮೆಟೊ, ಮೆಣಸಿನಕಾಯಿಯಂಥ ತರಕಾರಿಗಳ ಹೈಬ್ರಿಡ್ ಬೀಜ ತೆಗೆಯುವ ಕೆಲಸ ಇಲ್ಲಿ ನೆಲೆ ಕಂಡಿದೆ. ಮೊಗ್ಗು ಅರಳುವ ಮೊದಲೇ ಅದರ ಕೇಸರ ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಕೂಲಿ ಹೆಂಗಸರ ಬಾಯಲ್ಲಿ ಇದು ‘ಕ್ರಾಸಿಂಗ್’. ಯಂತ್ರ ಮಾಡಲಾರದ ಈ ನಾಜೂಕಿನ ಕೆಲಸದಿಂದ ಸಣ್ಣ ತುಂಡು ಭೂಮಿಯೂ ಒಂದಿಡೀ ಹೊಲದಷ್ಟು ದುಡಿಯಬಲ್ಲದು.

ಷರತ್ತೊಂದಿದೆ. ಮೂಲ ಬೀಜ ಕೊಡುವುದು ಕಂಪನಿ, ಕೊಳ್ಳುವುದೂ ಅದೇ ಕಂಪನಿ. ಮೊಳಕೆ ಪರೀಕ್ಷೆಯಲ್ಲಿ ಫೇಲಾದ ಬೀಜವನ್ನು ಸಂತೆಯಲ್ಲಿಟ್ಟು ಮಾರುವಂತಿಲ್ಲ. ಕೈಚಳಕ ರೈತನದ್ದು, ದರ ಕಂಪನಿಯದ್ದು.

ಒಂದೇ ಜಿಲ್ಲೆ, ಎರಡು ಗೊಂಬೆ

ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೌರಿ, ಗರುಡ, ಹನುಮನನ್ನು ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ, ಮೇಲೆ ಲೇಪ ಕೊಟ್ಟು ಬಣ್ಣ ಬಳಿಯುತ್ತಾರೆ. ವಿಜಯನಗರದ ಆಶ್ರಯದಲ್ಲಿ ಬೆಳೆದ ಕಲೆಯಿದು ಎಂಬುದು ಊರಿನ ನಂಬಿಕೆ. ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ.

ಇನ್ನೊಂದು ಗೊಂಬೆಯದ್ದು ಭಾನಾಪುರ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಈ ಊರಿನ ಬಳಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಅದರ ಹಿಂದೆ ದೆಹಲಿಯ ನಿರ್ಧಾರವಿತ್ತು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. 2021ರ ಜನವರಿಯಿಂದ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. ಚೀನಾದ ಅಗ್ಗದ ಮಾಲು ಹಿಂದೆ ಸರಿದ ಜಾಗ ತುಂಬಲು ಕಾರ್ಖಾನೆ ಬಂತು. ಭೌಗೋಳಿಕ ಸೂಚ್ಯಂಕ ಇರುವ ಗೊಂಬೆಗಳಿಗೆ ಆ ಗುರುತಿನಿಂದ ವಿನಾಯಿತಿ ಸಿಕ್ಕಿದ್ದರಿಂದ ಕಿನ್ನಾಳದವರೂ ಉಸಿರಾಡಿದರು. ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ಗಿರಾಕಿಯನ್ನು ಕರೆತರುವುದಿಲ್ಲ.

ಸರ್ಕಾರದ ಒಂದು ಆದೇಶ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಕೂದಲಿನವರಿಗೂ ಗೊತ್ತು. ಸಂಸ್ಕರಿಸದ ಕೂದಲು ಕಳ್ಳದಾರಿಯಲ್ಲಿ ಮ್ಯಾನ್ಮಾರ್, ಚೀನಾ ಸೇರುತ್ತಿದೆ, ನಮ್ಮ ಕೈಗಳಿಗೆ ಕೆಲಸವಿಲ್ಲ ಎಂಬ ದೂರಿನ ಬಳಿಕ 2022ರ ಜನವರಿಯಲ್ಲಿ ಕೇಂದ್ರವು ಕಚ್ಚಾ ಕೂದಲಿನ ರಫ್ತನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು.

ಮಾತಿನ ಬಂಡವಾಳ

ಬಂಡವಾಳವೇ ಇಲ್ಲದೆ ದಾರಿ ಹುಡುಕಿದವರೂ ಇಲ್ಲಿದ್ದಾರೆ. ಹಾಸ್ಯ ಭಾಷಣಕಾರರು ಅನೇಕರಿದ್ದರೂ ಗಂಗಾವತಿ ಪ್ರಾಣೇಶ್ ಹಾಸ್ಯ ಸಾಹಿತಿ ಬೀಚಿಯವರ ಹಾಸ್ಯವನ್ನು ಬೆನ್ನಿಗಿಟ್ಟುಕೊಂಡು ಈ ಕಡೆಯ ಜವಾರಿ ಮಾತಿನಲ್ಲೇ ವೇದಿಕೆ ಹತ್ತಿದರು. ಊರಿನ ಹೆಸರೇ ಅವರ ಗುರುತಾಯಿತು. ಸಭೆ, ಕ್ಯಾಸೆಟ್, ಸಿ.ಡಿ., ಟಿ.ವಿ., ಯೂಟ್ಯೂಬ್ ಎಂದು ಮಾಧ್ಯಮ ಬದಲಾದರೂ ಸರಕು ಬದಲಾಗಲಿಲ್ಲ. ಕರೆಯುವ ಊರು ನೂರಾರು ಇದ್ದುದರಿಂದ ಯಾವುದೇ ಒಬ್ಬ ಸಂಘಟಕನ ಮರ್ಜಿಗೆ ಬೀಳಬೇಕಾಗಲಿಲ್ಲ. ಬೀಜ ಬೆಳೆಯುವ ರೈತನಿಗೆ ಇಲ್ಲದ ಅನುಕೂಲ ಇದು.

ಹೊಸದಾಗಿ ಏನಾದರೂ ಹಿಡಿಯಬೇಕೆಂದಿರುವ ಈ ಸೀಮೆಯ ಹುಡುಗ ಹುಡುಗಿಯರು ‘ಯಾವುದಕ್ಕೆ ಈಗ ಡಿಮ್ಯಾಂಡ್ ಇದೆ’ ಎಂದು ಕೇಳುತ್ತಾರೆ. ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕೆಲಸದ ಯಾವ ಹಂತ ನನ್ನ ಕೈಯಲ್ಲಿದೆ? ಅದರ ಮುಂದಿನ ಹಂತಕ್ಕೆ ಕಾಲಿಡಲು ಏನು ಬೇಕು? ನೀರು, ಸುಂಕ, ಆದೇಶ, ಇವುಗಳಲ್ಲಿ ಯಾವುದು ಬದಲಾದರೆ ನಾನು ನಿಂತುಹೋಗುತ್ತೇನೆ? ಬ್ಯಾಂಕಿಗೆ ಸಾಲದ ಅರ್ಜಿ ಬರೆಯುವ ಮೊದಲು ಕೊಳ್ಳುವವರ ಪಟ್ಟಿ ಬರೆಯುವುದು ಒಳಿತು. ಅದರಲ್ಲಿ ಒಂದೇ ಹೆಸರಿದ್ದರೆ ಅದು ದಂಧೆಯಲ್ಲ, ನಷ್ಟವನ್ನೂ ತಾನೇ ಹೊರಬೇಕಾದ ನೌಕರಿ.