ಭೋಗ್ಯದ ಮನೆ: ಒಂದು ಶಬ್ದದ ಮತ್ತು ಒಂದು ಹಕ್ಕಿನ ವಿಚಾರ

೧

ಬೆಂಗಳೂರಿನಲ್ಲಿ ವಾಸಕ್ಕೆ ಮನೆಯನ್ನು ಹಿಡಿಯುವ ರೀತಿಗಳು ಮೂರು: ಕ್ರಯ, ತಿಂಗಳ ಬಾಡಿಗೆ, ಭೋಗ್ಯ. ಇವುಗಳಲ್ಲಿ ಮೂರನೆಯದರ ಸ್ವರೂಪವು ವಿಲಕ್ಷಣವಾದುದು. ಭೋಗ್ಯಕ್ಕೆ ಬರುವವನು ಮನೆಯೊಡೆಯನಿಗೆ ದೊಡ್ಡ ಮೊತ್ತವೊಂದನ್ನು ಒಂದೇ ಸಾರಿಗೆ ಕೊಡುತ್ತಾನೆ. ಎರಡು ಮೂರು ವರ್ಷಗಳ ಅವಧಿಯವರೆಗೆ ಬಾಡಿಗೆಯಿಲ್ಲದೆ ವಾಸಮಾಡುತ್ತಾನೆ. ಅವಧಿ ತೀರಿದ ಮೇಲೆ ಕೊಟ್ಟ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆದು ಮನೆಯನ್ನು ಬಿಟ್ಟುಕೊಡುತ್ತಾನೆ. ಹಣದ ಬಡ್ಡಿಗೂ ಮನೆಯ ಬಾಡಿಗೆಗೂ ಸರಿಹೋಯಿತೆಂಬುದೇ ಈ ವ್ಯವಹಾರದ ತಿರುಳು. ತಿಂಗಳ ಬಾಡಿಗೆಯನ್ನು ಉಳಿಸಬೇಕೆನ್ನುವ ಮಧ್ಯಮ ವರ್ಗದ ಸಂಸಾರಗಳು ನಿವೃತ್ತಿಯ ಹಣವನ್ನೋ, ಊರಿನ ಹೊಲವನ್ನು ಮಾರಿದ ಹಣವನ್ನೋ, ಮಗಳ ಮದುವೆಗೆಂದು ಕೂಡಿಟ್ಟುದನ್ನೋ ಹೀಗೆ ತೊಡಗಿಸುವುದುಂಟು.

ಈ ಮನೆಯು ಮೊದಲೇ ಬ್ಯಾಂಕಿನ ಸಾಲಕ್ಕೆ ಆಧಾರವಾಗಿದ್ದು ಒಡೆಯನು ಕಂತುಗಳನ್ನು ಕಟ್ಟದೆ ಹೋದರೆ, ಬ್ಯಾಂಕು ಮನೆಯನ್ನು ಸ್ವಾಧೀನಪಡಿಸಿಕೊಂಡು ಹರಾಜು ಹಾಕುತ್ತದೆ. ಆಗ ಭೋಗ್ಯದಾರನು ಮನೆಯನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳುವ ಪ್ರಸಂಗವು ಬರುತ್ತದೆ. ಅವನೂ ಸಾಲ ಕೊಟ್ಟವನೇ. ಬ್ಯಾಂಕೂ ಸಾಲ ಕೊಟ್ಟುದೇ. ಅವನು ಮನೆಯೊಳಗಿದ್ದಾನೆ, ಬ್ಯಾಂಕು ಹೊರಗಿದೆ. ಹೀಗಿದ್ದರೂ ಅವನ ಹಕ್ಕು ಏತಕ್ಕೆ ಕಡೆಯ ಸ್ಥಾನಕ್ಕಿಳಿಯಿತು? ಭೋಗ್ಯವೆಂಬ ಶಬ್ದದ ಚರಿತ್ರೆಯನ್ನೂ ಅದರ ಹಿಂದಿದ್ದ ನ್ಯಾಯದ ಚರಿತ್ರೆಯನ್ನೂ ಜೊತೆಯಲ್ಲಿಟ್ಟು ನೋಡಿದರೆ ಈ ಪ್ರಶ್ನೆಗೆ ಉತ್ತರವು ದೊರೆಯುತ್ತದೆ.

೨

ಸಾಲಕ್ಕೆ ಭದ್ರತೆಯಾಗಿ ವಸ್ತುವನ್ನಿಡುವುದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ಒತ್ತೆ, ಅಡವು ಎಂಬಿವು ದ್ರಾವಿಡ ಮೂಲದವು. ಕನ್ನಡದ ಒತ್ತೆಗೆ ತಮಿಳಿನ ಒತ್ತಿಯೂ ಮಲೆಯಾಳದ ಒಟ್ಟಿಯೂ ಸಜಾತೀಯ ಶಬ್ದಗಳು. ಆ ಎರಡು ಭಾಷೆಗಳಲ್ಲಿ ಅದಕ್ಕೆ ಸ್ವಾಧೀನಸಹಿತವಾದ ಅಡಮಾನವೆಂಬ ಅರ್ಥವು ನಿಂತಿದೆ. ಕನ್ನಡದಲ್ಲಿ ಒತ್ತೆಯು ಸಾಮಾನ್ಯವಾದ ಗಿರವಿಯ ಅರ್ಥದಲ್ಲಿ ಉಳಿದು, ಒತ್ತೆಯಾಳು ಎಂಬ ಸಮಾಸದಲ್ಲಿ ಮನುಷ್ಯನಿಗೂ ಅನ್ವಯಿಸಿತು. ಸ್ವಾಧೀನಸಹಿತವಾದ ಅಡಮಾನಕ್ಕೆ ಕನ್ನಡವು ಸಂಸ್ಕೃತದ ಭೋಗ್ಯವನ್ನು ತೆಗೆದುಕೊಂಡಿತು.

ಭೋಗ್ಯವೆಂದರೆ ಭೋಗಿಸತಕ್ಕುದು, ಅನುಭವಿಸತಕ್ಕುದು. ಇದು ಧರ್ಮಶಾಸ್ತ್ರದ ಪರಿಭಾಷೆ. ಸ್ಮೃತಿಕಾರರು ಅಡವಿಗೆ ಆಧಿ ಎಂದು ಹೆಸರಿಟ್ಟು ಅದನ್ನು ಎರಡಾಗಿ ವಿಂಗಡಿಸಿದರು. ಸಾಲ ಕೊಟ್ಟವನು ಬಳಸದೆ ಕಾಪಾಡಿಕೊಂಡಿರಬೇಕಾದುದು ಗೋಪ್ಯಾಧಿ. ಅದರ ಫಲವನ್ನು ಅನುಭವಿಸಬಹುದಾದುದು ಭೋಗ್ಯಾಧಿ. ಒಡವೆ ಗೋಪ್ಯಾಧಿಗೆ ಉದಾಹರಣೆ. ಹೊಲ ತೋಟಗಳು ಭೋಗ್ಯಾಧಿಗೆ ಉದಾಹರಣೆ. ವಾಸಕ್ಕೆ ಕೊಟ್ಟ ಮನೆಯು ಸ್ವಭಾವದಿಂದ ಎರಡನೆಯ ವರ್ಗಕ್ಕೆ ಸೇರುತ್ತದೆ. ಆದಕಾರಣ ಬೆಂಗಳೂರಿನ ಓಣಿಯಲ್ಲಿ 'ಮನೆ ಭೋಗ್ಯಕ್ಕಿದೆ' ಎಂದು ತೂಗುಹಾಕಿದ ಹಲಗೆಯು ಒಂದು ಸಾವಿರ ವರ್ಷಗಳಿಗೂ ಹಿಂದಿನ ನ್ಯಾಯಪರಿಭಾಷೆಯನ್ನು ಹೊತ್ತು ನಿಂತಿದೆ.

೩

ಈ ಪರಿಭಾಷೆಯ ಅತ್ಯಂತ ಪ್ರಮಾಣಭೂತವಾದ ವ್ಯಾಖ್ಯಾನವು ಕನ್ನಡನಾಡಿನಲ್ಲಿಯೇ ಹುಟ್ಟಿತು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಆ ಅರಸನ ರಾಜಧಾನಿಯಾದ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಮಿತಾಕ್ಷರವು ದಾಯಭಾಗದ ವಿಷಯದಲ್ಲಿ ಪ್ರಸಿದ್ಧವಾದಷ್ಟು ಋಣಾದಾನದ ವಿಷಯದಲ್ಲಿ ಪ್ರಸಿದ್ಧವಾಗಿಲ್ಲ. ಆದರೆ ಅಡವಿನ ಮನೆಯು ಯಾವಾಗ ಯಾರ ಪಾಲಾಗುತ್ತದೆಂಬ ಪ್ರಶ್ನೆಯನ್ನು ಅದು ಕೂಲಂಕಷವಾಗಿ ಎತ್ತಿಕೊಂಡಿದೆ. ಅಲ್ಲಿಯ ನಿಯಮಗಳಲ್ಲಿ ನಾಲ್ಕು ಇಲ್ಲಿಗೆ ಮುಖ್ಯವಾದುವು.

ಮೊದಲನೆಯದು: ಬಡ್ಡಿಯು ಬೆಳೆದು ಸಾಲವು ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಗೋಪ್ಯಾಧಿಯು ಸಾಲಗಾರನಿಗೆ ನಷ್ಟವಾಗುತ್ತದೆ, ಅವಧಿಯನ್ನು ಗೊತ್ತುಮಾಡಿ ಇಟ್ಟುದು ಅವಧಿಯು ಮುಗಿದಾಗ ನಷ್ಟವಾಗುತ್ತದೆ. ಆಗಲೂ ಸಾಲ ಕೊಟ್ಟವನು ಎರಡು ವಾರಗಳ ಕಾಲ ಕಾಯಬೇಕೆಂದು ಬೃಹಸ್ಪತಿಯ ಮತ. ಎರಡನೆಯದು: ಫಲವನ್ನು ಅನುಭವಿಸುವ ಭೋಗ್ಯಾಧಿಯು ಎಂದಿಗೂ ಹೀಗೆ ನಷ್ಟವಾಗತಕ್ಕದ್ದಲ್ಲ, ಹಣವನ್ನು ತಂದೊಪ್ಪಿಸಿದ ದಿನ ಅದು ಒಡೆಯನಿಗೆ ಹಿಂದಿರುಗಬೇಕು. ಹಾಗೆ ಹಿಂದಿರುಗಿಸದವನು ಕಳ್ಳನಿಗೆ ಸಮಾನನೆಂದು ಸ್ಮೃತಿಯ ನಿಷ್ಠುರವಾದ ತೀರ್ಮಾನ. ಮೂರನೆಯದು: ಆಧಿ, ದಾನ, ಕ್ರಯ ಈ ಮೂರರಲ್ಲಿ ಮೊದಲು ನಡೆದ ಕಾರ್ಯವೇ ಬಲವತ್ತರವಾದುದು.

ನಾಲ್ಕನೆಯದು ಎಲ್ಲಕ್ಕಿಂತ ಗಮನಾರ್ಹವಾದುದು. ಆಧಿಯು ಸಿದ್ಧಿಸುವುದು ಸ್ವೀಕಾರದಿಂದ, ಎಂದರೆ ವಸ್ತುವನ್ನು ವಶಕ್ಕೆ ತೆಗೆದುಕೊಂಡು ಅನುಭವಿಸುವುದರಿಂದ. ಬರಿಯ ಸಾಕ್ಷಿಗಳಿಂದಾಗಲಿ, ಬರಿಯ ಪತ್ರದಿಂದಾಗಲಿ, ಇಂಥ ವಸ್ತುವು ಆಧಿಯೆಂದು ಬಾಯಲ್ಲಿ ನಿರ್ದೇಶಿಸುವುದರಿಂದಾಗಲಿ ಅದು ಸಿದ್ಧಿಸುವುದಿಲ್ಲವೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಅನುಭವವು ಮೇಲು, ಪತ್ರವು ಅದಕ್ಕೆ ಅಧೀನ: ಕಲ್ಯಾಣದ ನ್ಯಾಯದ ಸಾರಾಂಶವು ಇದು. ಆ ನ್ಯಾಯದ ಮುಂದೆ ಇಂದಿನ ಭೋಗ್ಯದಾರನು ಮನೆಯೊಳಗೆ ನಿಂತು ವಾದಿಸಬಲ್ಲವನಾಗಿದ್ದನು.

೪

ಬ್ರಿಟಿಷರ ಆಳ್ವಿಕೆಯಲ್ಲಿ ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯು ಬಂದಿತು. ಅದರ ೫೮ನೆಯ ಕಲಮು ಅಡಮಾನಗಳನ್ನು ವರ್ಗೀಕರಿಸಿ, ಸ್ವಾಧೀನವನ್ನು ಕೊಟ್ಟು ಬಾಡಿಗೆ ಅಥವಾ ಉತ್ಪನ್ನವನ್ನು ಬಡ್ಡಿಗೋ ಅಸಲಿಗೋ ವಜಾ ಹಾಕಿಕೊಳ್ಳಲು ಒಪ್ಪಿದ ವ್ಯವಹಾರವನ್ನು ಪ್ರತ್ಯೇಕವಾಗಿ ಹೇಳುತ್ತದೆ. ಇದೇ ನಾಡಿನ ಭೋಗ್ಯ. ಅದನ್ನು ಹಿಡಿದವನು ಮನೆಯನ್ನು ತನ್ನದೆಂದು ಮುಟ್ಟುಗೋಲು ಹಾಕಿಕೊಳ್ಳಲು ಆ ಹಕ್ಕಿನ ಮೇಲೆಯೇ ದಾವೆ ಹೂಡಲಾರನೆಂದು ೬೭ನೆಯ ಕಲಮು ವಿಧಿಸುತ್ತದೆ. ಎಂಟು ನೂರು ವರ್ಷಗಳ ಅಂತರದಲ್ಲಿಯೂ ಮಿತಾಕ್ಷರದ ಎರಡನೆಯ ನಿಯಮವು ಇಲ್ಲಿ ರೂಪಾಂತರದಿಂದ ಬದುಕಿದೆ. ಭೋಗ್ಯವನ್ನು ಬಿಡಿಸಿಕೊಳ್ಳುವ ಒಡೆಯನ ಹಕ್ಕು ಭೋಗ್ಯವಾದ ದಿನದಿಂದ ಕಾಲವನ್ನೆಣಿಸಿ ಅಳಿದುಹೋಗುವಂಥದಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ೨೦೧೪ರಲ್ಲಿ ತೀರ್ಪಿತ್ತಿತು.

ಆದರೆ ನಾಲ್ಕನೆಯ ನಿಯಮವು ಇದೇ ಕಾಯಿದೆಯಲ್ಲಿ ತಲೆಕೆಳಗಾಯಿತು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತದ ಅಡಮಾನವು ನೋಂದಾಯಿತವಾದ ಪತ್ರದಿಂದಲೇ ಆಗಬೇಕೆಂದು ೫೯ನೆಯ ಕಲಮು ಹೇಳುತ್ತದೆ. ಇದಕ್ಕೆ ಒಂದು ದೊಡ್ಡ ಅಪವಾದವುಂಟು: ಹಕ್ಕುಪತ್ರಗಳನ್ನು ಸಾಲ ಕೊಟ್ಟವನಲ್ಲಿ ಠೇವಣಿಯಿಡುವುದರಿಂದಲೇ ಅಡಮಾನವು ಆಗಬಹುದು. ಮೊದಲು ಕಲ್ಕತ್ತೆ, ಮದರಾಸು, ಮುಂಬಯಿ ಮೊದಲಾದ ಕೆಲವು ಪಟ್ಟಣಗಳಿಗೆ ಮಾತ್ರ ಸಲ್ಲುತ್ತಿದ್ದ ಈ ಸೌಲಭ್ಯವು ಸರ್ಕಾರಗಳು ಪ್ರಕಟಿಸಿದ ಇತರ ಪಟ್ಟಣಗಳಿಗೂ ವಿಸ್ತರಿಸಿತು. ಬ್ಯಾಂಕುಗಳ ಗೃಹಸಾಲವು ಹೆಚ್ಚಾಗಿ ನಡೆಯುವುದು ಈ ದಾರಿಯಲ್ಲಿಯೇ. ಮನೆಯ ಸ್ವಾಧೀನವು ಒಡೆಯನಲ್ಲಿಯೇ ಇರುತ್ತದೆ. ಪತ್ರಗಳು ಬ್ಯಾಂಕಿನ ಪೆಟ್ಟಿಗೆಯಲ್ಲಿರುತ್ತವೆ.

ಇದರಿಂದ ಒಂದು ವಿಪರ್ಯಾಸವು ಒದಗಿತು. ಪತ್ರವುಳ್ಳವನಿಗೆ ಅನುಭವವಿಲ್ಲ, ಅನುಭವವುಳ್ಳವನಿಗೆ ಪತ್ರವಿಲ್ಲ. ವಿವಾದವು ಬಂದಾಗ ಗೆಲ್ಲುವುದು ಪತ್ರ. ಭೋಗ್ಯದಾರನು ಪತ್ರವನ್ನು ನೋಂದಾಯಿಸಿಕೊಳ್ಳಬಾರದೆಂದೇನೂ ಇಲ್ಲ. ಆದರೆ ಸ್ವಾಧೀನಸಹಿತವಾದ ಅಡಮಾನಕ್ಕೆ ಮುದ್ರಾಂಕದ ಶುಲ್ಕವು ಸ್ವಾಧೀನರಹಿತವಾದುದಕ್ಕಿಂತ ಹೆಚ್ಚು, ಒಡೆಯನಿಗೂ ಮನಸ್ಸಿರುವುದಿಲ್ಲ. ಆದುದರಿಂದ ಸಣ್ಣ ಬೆಲೆಯ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೋ ಮೂರು ವರ್ಷಕ್ಕೋ ಕರಾರು ಬರೆದು ಮುಗಿಸುವುದು ರೂಢಿಯಾಯಿತು.

೫

ಇದೇ ವೇಳೆಗೆ ಶಬ್ದವೂ ಬದಲಾಯಿತು. ಬೆಂಗಳೂರಿನ ಮಾತಿನಲ್ಲಿ ಭೋಗ್ಯದ ಬದಲು ಲೀಸು ಎಂಬ ಮಾತು ಬಳಕೆಗೆ ಬಂದು, ಹಲಗೆಗಳಲ್ಲಿಯೂ ಕರಾರುಗಳಲ್ಲಿಯೂ ಅದೇ ಕಾಣತೊಡಗಿತು. ಕಾನೂನಿನಲ್ಲಿ ಲೀಸೆಂದರೆ ಗೇಣಿ, ಬಾಡಿಗೆಯ ಕರಾರು, ಅಡಮಾನವಲ್ಲ. ಭೋಗ್ಯದಾರನೆಂದಾಗ ಅವನು ಸಾಲ ಕೊಟ್ಟವನು, ಮನೆಯು ಅವನಿಗೆ ಭದ್ರತೆ. ಲೀಸಿನವನೆಂದಾಗ ಅವನು ಬಾಡಿಗೆದಾರ. ಅವನ ಲಕ್ಷಗಟ್ಟಲೆಯ ಹಣವು ಬರಿಯ ಮುಂಗಡ. ಬಳಸುವವರು ಎರಡನ್ನೂ ಒಂದೆಂದೇ ತಿಳಿದರು. ಆದರೆ ಹೆಸರಿನೊಂದಿಗೆ ಹಕ್ಕಿನ ವರ್ಗವೂ ಬದಲಾಯಿತು.

ಇದರ ಪರಿಣಾಮವು ಸಾಮಾನ್ಯವಾದುದಲ್ಲ. ಅಡಮಾನವಿಟ್ಟ ಒಡೆಯನು ಮನೆಯನ್ನು ಬಾಡಿಗೆಗೆ ಕೊಡಬಹುದೆಂದು ೧೯೨೯ರ ತಿದ್ದುಪಡಿಯಿಂದ ಸೇರಿದ ೬೫ಎ ಕಲಮು ಅನುಮತಿ ಕೊಡುತ್ತದೆ. ಆದರೆ ಅಂಥ ಬಾಡಿಗೆಯು ನ್ಯಾಯವಾಗಿ ದೊರೆಯಬಹುದಾದ ಉತ್ತಮ ಬಾಡಿಗೆಯಾಗಿರಬೇಕು. ಪಾಗುಡಿಯ ಹಣವನ್ನು ಕೊಟ್ಟಿರಬಾರದು. ಬಾಡಿಗೆಯನ್ನು ಮುಂಗಡವಾಗಿ ಸಲ್ಲಿಸುವಂತಿರಬಾರದು. ಕಟ್ಟಡದ ಮಟ್ಟಿಗೆ ಅವಧಿಯು ಮೂರು ವರ್ಷವನ್ನು ಮೀರಬಾರದು. ತಿಂಗಳ ಬಾಡಿಗೆಯೇ ಇಲ್ಲದ, ಇಡಿಯ ಹಣವನ್ನು ಮೊದಲೇ ಸಲ್ಲಿಸಿದ 'ಲೀಸು' ಈ ಷರತ್ತುಗಳಿಗೆ ಹೊಂದುವುದು ದುಸ್ತರ. ಅಡಮಾನವೆನ್ನೋಣವೆಂದರೆ ನೋಂದಣಿಯಿಲ್ಲ, ಬಾಡಿಗೆಯೆನ್ನೋಣವೆಂದರೆ ಬಾಡಿಗೆಯಿಲ್ಲ. ಭೋಗ್ಯದಾರನು ಎರಡು ವರ್ಗಗಳ ನಡುವಣ ಬಿರುಕಿನಲ್ಲಿ ನಿಂತಿದ್ದಾನೆ.

ಈ ಬಿರುಕನ್ನು ಬಯಲಿಗೆಳೆದುದು ೨೦೦೨ರ ಸರ್ಫೇಸಿ ಕಾಯಿದೆ. ಅದಕ್ಕೆ ಮೊದಲು ಬ್ಯಾಂಕು ಸಿವಿಲ್ ನ್ಯಾಯಾಲಯಕ್ಕೋ, ೧೯೯೩ರ ಕಾಯಿದೆಯಿಂದಾದ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಿ ತೀರ್ಪನ್ನು ಪಡೆಯಬೇಕಾಗಿತ್ತು. ಈ ಕಾಲಯಾಪನೆಯಲ್ಲಿ ಭೋಗ್ಯದ ಅವಧಿಯು ತೀರಿ ಹಣವು ಕೈಸೇರುವ ಸಂಭವವಿತ್ತು. ೨೦೦೨ರ ಕಾಯಿದೆಯು ನ್ಯಾಯಾಲಯದ ಮುಂಚಿತವಾದ ತೀರ್ಪಿಲ್ಲದೆಯೇ ಮನೆಯನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿತು. ಕಂತು ೯೦ ದಿನಗಳ ಮೇಲೆ ಬಾಕಿಯಾದರೆ ಸಾಲವು ನಿಷ್ಫಲ ಆಸ್ತಿಯೆನಿಸುತ್ತದೆ. ೬೦ ದಿನಗಳ ನೋಟೀಸು ಹೊರಡುತ್ತದೆ. ಆ ಬಳಿಕ ಸ್ವಾಧೀನ, ಪತ್ರಿಕಾ ಪ್ರಕಟಣೆ, ಹರಾಜು. ನೋಟೀಸು ಬಂದ ಮೇಲೆ ಒಡೆಯನು ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಯಾರಿಗೂ ಕೊಡಲಾಗದು. ೨೦೧೬ರ ತಿದ್ದುಪಡಿಯಾದ ಮೇಲಂತೂ ಸಾಲವನ್ನು ತೀರಿಸಿ ಮನೆಯನ್ನು ಬಿಡಿಸಿಕೊಳ್ಳುವ ಅವಕಾಶವು ಹರಾಜಿನ ಪ್ರಕಟಣೆಯವರೆಗೆ ಮಾತ್ರ.

ಒಳಗೆ ವಾಸಿಸುವವರ ಗತಿಯೇನೆಂಬ ಪ್ರಶ್ನೆಯು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅಡಮಾನಕ್ಕೆ ಮೊದಲೇ ಆದ ನ್ಯಾಯಬದ್ಧ ಬಾಡಿಗೆಯೂ, ಅಡಮಾನದ ತರುವಾಯ ೬೫ಎ ಕಲಮಿಗೆ ಅನುಸಾರವಾಗಿ ಆದ ಬಾಡಿಗೆಯೂ ಅವಧಿಯವರೆಗೆ ಉಳಿಯುತ್ತದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆಯನ್ನು ಹೇಳುವವನು ನೋಂದಾಯಿತ ಪತ್ರವನ್ನು ತೋರಿಸಬೇಕೆಂದು ತೀರ್ಮಾನವಾಯಿತು. ಬಾಡಿಗೆದಾರನ ಅಹವಾಲನ್ನು ಸಾಲ ವಸೂಲಾತಿ ನ್ಯಾಯಮಂಡಳಿಯೇ ವಿಚಾರಿಸಬಹುದೆಂದು ೨೦೧೬ರಲ್ಲಿ ಕಾಯಿದೆಗೆ ಸೇರಿಸಲಾಯಿತು. ಅಹವಾಲಿಗೆ ಬಾಗಿಲು ತೆರೆಯಿತು. ಆದರೆ ಅಲ್ಲಿಯೂ ಕೇಳುವುದು ಪತ್ರವನ್ನೇ.

೬

ಒಂದು ಕಲ್ಪಿತ ಲೆಕ್ಕದಿಂದ ವಿಷಯವು ಸ್ಪಷ್ಟವಾಗುತ್ತದೆ. ಒಬ್ಬ ಒಡೆಯನು ಬ್ಯಾಂಕಿನಿಂದ ೮೦ ಲಕ್ಷ ಸಾಲವನ್ನು ಪಡೆದು ನಾಲ್ಕು ಮನೆಗಳ ಕಟ್ಟಡವನ್ನು ಕಟ್ಟಿಸಿ, ಪ್ರತಿಯೊಂದನ್ನೂ ೧೨ ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟನೆಂದಿಟ್ಟುಕೊಳ್ಳೋಣ. ಅವನ ಕೈಗೆ ೪೮ ಲಕ್ಷ ಬಂದಿತು. ಆದರೆ ತಿಂಗಳ ಬಾಡಿಗೆಯೆಂಬ ಆದಾಯವು ಹೋಯಿತು. ಭೋಗ್ಯದ ಹಣವನ್ನು ಬೇರೆಡೆಗೆ ತೊಡಗಿಸಿದ್ದರೆ ಕಂತಿಗೆ ಹಣವಿಲ್ಲ. ಒಬ್ಬ ಭೋಗ್ಯದಾರನಿಗೆ ಹಿಂದಿರುಗಿಸಬೇಕಾದರೆ ಇನ್ನೊಬ್ಬನು ಸಿಗಬೇಕು. ಈ ಸರಪಳಿಯು ಎಲ್ಲಿ ಕಡಿದರೂ ಕಂತು ನಿಲ್ಲುತ್ತದೆ. ಬಾಕಿಯು ಬಡ್ಡಿ ಮತ್ತು ಖರ್ಚುಗಳೊಂದಿಗೆ ೯೦ ಲಕ್ಷವಾಗಿ, ಹರಾಜಿನಲ್ಲಿ ೯೫ ಲಕ್ಷ ಬಂದರೆ, ಉಳಿಯುವುದು ೫ ಲಕ್ಷ. ಹೀಗೆ ಉಳಿದ ಹಣವನ್ನು ಹಕ್ಕುಳ್ಳವರಿಗೆ ಅವರವರ ಹಕ್ಕಿನ ಪ್ರಕಾರ ಕೊಡಬೇಕೆಂದು ಕಾಯಿದೆಯು ಹೇಳುತ್ತದೆ. ನೋಂದಾಯಿತ ಭೋಗ್ಯಪತ್ರವುಳ್ಳವನು ಎರಡನೆಯ ಅಡಮಾನದಾರನಾಗಿ ಅದರ ಮೇಲೆ ಹಕ್ಕು ಹೇಳಬಹುದು. ನೋಂದಣಿಯಿಲ್ಲದವನಿಗೆ ಒಡೆಯನ ಮೇಲೆ ಬರಿಯ ಹಣದ ದಾವೆಯು ಉಳಿಯುತ್ತದೆ. ಮನೆಯನ್ನೇ ಕಳೆದುಕೊಂಡ ಒಡೆಯನಿಂದ ವಸೂಲಾಗುವುದೆಷ್ಟು?

ಆದುದರಿಂದ ರಕ್ಷಣೆಯೆಂಬುದು ಹಣವನ್ನು ಕೊಡುವ ಮೊದಲೇ ಆಗಬೇಕಾದುದು. ಮೂಲ ಕ್ರಯಪತ್ರವನ್ನು ತೋರಿಸಲಾರದ ಒಡೆಯನ ಪತ್ರವು ಎಲ್ಲಿಯೋ ಠೇವಣಿಯಾಗಿರಬಹುದೆಂದು ಸಂಶಯಪಡುವುದು ನ್ಯಾಯ. ಉಪನೋಂದಣಾಧಿಕಾರಿಯ ಕಚೇರಿಯ ಋಣಭಾರ ಪತ್ರವನ್ನು ಪಡೆಯುವುದು ಅವಶ್ಯಕ; ಆದರೆ ಪತ್ರವನ್ನು ಬರೆಯದೆ ಬರಿಯ ಠೇವಣಿಯಿಂದಾದ ಅಡಮಾನವು ಅದರಲ್ಲಿ ಕಾಣದೆಯೂ ಇರಬಹುದು. ಆ ಕೊರತೆಯನ್ನು ತುಂಬಲೆಂದು ೨೦೧೧ರಲ್ಲಿ ಸೆರ್ಸಾಯ್ ಎಂಬ ಕೇಂದ್ರ ದಾಖಲೆಯು ಏರ್ಪಟ್ಟಿದೆ. ಶುಲ್ಕವನ್ನು ಸಲ್ಲಿಸಿದ ಯಾರಾದರೂ ಅದನ್ನು ಶೋಧಿಸಿ ನೋಡಬಹುದು. ಭೋಗ್ಯಪತ್ರದ ನೋಂದಣಿಯ ಖರ್ಚು ಇವೆಲ್ಲಕ್ಕಿಂತ ಹೆಚ್ಚೆನಿಸಿದರೂ, ಹೋಗಬಹುದಾದ ಹಣದ ಮುಂದೆ ಅದು ಅಲ್ಪವೇ.

ಮೊದಲು ನಡೆದುದೇ ಬಲವತ್ತರವೆಂಬ ಸ್ಮೃತಿಯ ನಿಯಮವು ಇಂದಿಗೂ ಅಳಿದಿಲ್ಲ. ಬ್ಯಾಂಕು ಗೆಲ್ಲುವುದು ಬಹುಮಟ್ಟಿಗೆ ಆ ನಿಯಮದಿಂದಲೇ. ಅಳಿದಿರುವುದು ಅನುಭವಕ್ಕಿದ್ದ ಪ್ರಾಮಾಣ್ಯ. ಕಲ್ಯಾಣದ ಕಾಲದಲ್ಲಿ ನೆರೆಹೊರೆಯವರಿಗೆ ಕಣ್ಣಿಗೆ ಕಾಣುತ್ತಿದ್ದ ವಾಸವೇ ಹಕ್ಕಿನ ಘೋಷಣೆಯಾಗಿತ್ತು. ಲಕ್ಷಾಂತರ ಅಪರಿಚಿತರ ನಗರದಲ್ಲಿ ಆ ಕೆಲಸವನ್ನು ದಾಖಲೆಯ ಪುಸ್ತಕವು ವಹಿಸಿಕೊಂಡಿದೆ. ಈ ಬದಲಾವಣೆಯು ಅನಿವಾರ್ಯವಾಗಿದ್ದಿರಬಹುದು. ಆದರೆ ಭೋಗ್ಯವೆಂಬ ಹಳೆಯ ಮಾತಿನ ಭರವಸೆಯನ್ನು ನಂಬಿ, ಲೀಸೆಂಬ ಹೊಸ ಮಾತಿನ ಕಾಗದಕ್ಕೆ ರುಜು ಹಾಕುವ ಸಂಸಾರಗಳಿಗೆ, ಈ ಎರಡು ಮಾತುಗಳ ನಡುವಿನ ಅಂತರವು ಹರಾಜಿನ ನೋಟೀಸನ್ನು ಬಾಗಿಲಿಗೆ ಅಂಟಿಸಿದ ದಿನ ಮೊದಲ ಬಾರಿಗೆ ತಿಳಿಯುತ್ತದೆ. ಶಬ್ದದ ಅರ್ಥವನ್ನು ಕಲಿಸುವವರು ಅದನ್ನು ಆ ದಿನಕ್ಕೆ ಮೊದಲೇ ತಿಳಿಸಿದರೆ ನಿಘಂಟಿನ ವಿದ್ಯೆಯೂ ಮನೆಯನ್ನು ಕಾಯುವ ವಿದ್ಯೆಯಾದೀತು.